ಹಾಡು ಕೇಳೋಕೆ ಬಾರ್‌ಗೇ ಹೋಗಬೇಕಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್ ಕಡೆಯ ಪುಟ್ಟ ಲೈವ್ ಮ್ಯೂಸಿಕ್ ಜಾಗಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನೂರು ನೂರೈವತ್ತು ಜನ ಹಿಡಿಸುವ ಹಾಲ್, ಮೂಲೆಯಲ್ಲಿ ಚಿಕ್ಕ ವೇದಿಕೆ, ಎದುರಿಗೆ ಊಟದ ಟೇಬಲ್‌ಗಳು, ಹಿಂದೆ ಬಾರ್. ಅಷ್ಟಕ್ಕೇ ದಾವಣಗೆರೆ, ಹರಿಹರ, ಚಿತ್ರದುರ್ಗದಿಂದ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಮಕ್ಕಳು ಬೆಂಗಳೂರಲ್ಲಿ ಕೆಲಸಕ್ಕಿರುವ ಮನೆಗಳಿಂದಲೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಬೇಡ ಅಂತ ಬಹಳ ಜನ ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ: ಸರ್, ನನಗೆ 19. ಬ್ಯಾಂಡ್ ಒಂದನ್ನು ಎದುರಿಗೆ ನಿಂತು ಕೇಳಬೇಕು ಅಂತ ಬಹಳ ಆಸೆ. ಆದರೆ ಎಲ್ಲಾ ಕಡೆ 21 ಆಗಿರಬೇಕು ಅಂತಾರೆ. ನಾನು ಕುಡಿಯೋಕೆ ಹೋಗ್ತಿಲ್ಲ, ಹಾಡು ಕೇಳೋಕೆ. ಅಪ್ಪನೂ ಜೊತೆಗೆ ಬರ್ತೀನಿ ಅಂದಿದ್ದಾರೆ. ಹಾಡು ಕೇಳೋಕೆ ಬಾರ್‌ಗೇ ಹೋಗಬೇಕಾ?

ಬೇಕಿಲ್ಲ. ಆದರೆ ಬೆಂಗಳೂರಲ್ಲಿ ಬ್ಯಾಂಡ್‌ಗಳಿಗೆ ವಾರವಾರ ವೇದಿಕೆ ಕೊಡುತ್ತಿರುವುದು ಹೆಚ್ಚಾಗಿ ಬಾರ್‌ಗಳೇ, ಅದಕ್ಕೇ ಗೇಟಿನಲ್ಲಿ ವಯಸ್ಸು ಕೇಳುತ್ತಾರೆ. ಅವರ ಲೈಸೆನ್ಸ್ ಪ್ರಶ್ನೆ ಅದು, ನೀವು ಏನು ಕುಡಿಯುತ್ತೀರಿ ಅನ್ನೋದು ಅವರಿಗೆ ಮುಖ್ಯ ಅಲ್ಲ. ಕೆಲವು ಕಡೆ ಅಪ್ಪ ಅಮ್ಮ ಜೊತೆಗಿದ್ದರೆ ಬಿಡುತ್ತಾರೆ, ಅದೂ ಸಂಜೆ ಒಂದು ಹೊತ್ತಿನವರೆಗೆ. ಒಂದೊಂದು ಕಡೆ ಒಂದೊಂದು ರೀತಿ. ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ ಕೇಳಿ, ಹೂಂ ಅಂದವರ ಹೆಸರು ಬರೆದಿಟ್ಟುಕೊಳ್ಳಿ. ಯಾಕಂದ್ರೆ ಫೋನ್ ಎತ್ತಿದವರು ಬೇರೆ, ಗೇಟಲ್ಲಿ ನಿಂತವರು ಬೇರೆ.

ಬಾರ್ ಇಲ್ಲದ ಜಾಗಗಳೂ ಇವೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇಂದಿರಾನಗರಕ್ಕೆ ಹತ್ತಿರವೇ. ಅಲ್ಲಿನ ಬಹಳಷ್ಟು ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇಲ್ಲ, ಮೊದಲೇ ಹೆಸರು ನೋಂದಾಯಿಸಿ ಬೇಗ ಹೋಗಿ ಕೂರಬೇಕು. ಜೆ.ಪಿ. ನಗರದಲ್ಲಿ 2019ರಲ್ಲಿ ಶುರುವಾದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಅನ್ನುವ ಸಂಗೀತ ಮ್ಯೂಸಿಯಂ ಇದೆ, ಕಛೇರಿಗಳೂ ನಡೆಯುತ್ತವೆ. ಹಗಲು ಮ್ಯೂಸಿಯಂ, ಸಂಜೆ ಸಂಗೀತ. ಅಪ್ಪನ ಜೊತೆ ಒಂದು ದಿನಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ನನಗೆ ಹೊಳೆಯುತ್ತಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಪತ್ರಗಳಿಗೂ ಅದು ಬೇಕು. ಈ ಪುಟ್ಟ ಜಾಗಗಳಲ್ಲಿ ಹಾಡು ನಡೆಯುವುದು ಟಿಕೆಟ್ ದುಡ್ಡಿನಿಂದ ಅಲ್ಲ, ಬಿಯರ್ ದುಡ್ಡಿನಿಂದ. ವಯಸ್ಸಿನ ಮಿತಿ, ಜನರ ಹರಟೆ, ಗೇಟಲ್ಲಿ ತೆಗೆದುಕೊಳ್ಳುವ ಕವರ್ ಚಾರ್ಜ್, ಬ್ಯಾಂಡ್‌ಗೆ ಸಿಗುವ ಪುಡಿಗಾಸು, ಎಲ್ಲಾ ಅಲ್ಲಿಂದಲೇ ಬರುತ್ತದೆ.

ಬಟ್ಟೆ ವ್ಯಾಪಾರಿ, ಚೌಕಿಪೇಟೆ, ದಾವಣಗೆರೆ: ಮಗ ಇಂದಿರಾನಗರದಲ್ಲಿ ಎಲ್ಲೋ ಒಂದು ಕಡೆ ಕರೆದುಕೊಂಡು ಹೋದ. ವೇದಿಕೆ ಪಕ್ಕದ ಟೇಬಲ್ಲೇ ಬುಕ್ ಮಾಡಿಸಿದ್ದ. ಸೌಂಡ್ ಎದೆಗೆ ಗುದ್ದುತ್ತಿತ್ತು. ಒಂದು ಪದ ಅರ್ಥ ಆಗಲಿಲ್ಲ. ಸುತ್ತ ಕೂತವರು ಹಾಡು ಕೇಳದೆ ಜೋರಾಗಿ ಮಾತಾಡ್ತಾ ಇದ್ದರು. ಊರಿಗೆ ಬಂದ ಮೇಲೂ ಎರಡು ದಿನ ಕಿವಿಯಲ್ಲಿ ಗುಂಯ್ ಅಂತಿತ್ತು. ಇದನ್ನು ದುಡ್ಡು ಕೊಟ್ಟು ಕೇಳಬೇಕಾ? ನನಗೆ 56, ವಯಸ್ಸಾಯ್ತು ಅಂತ ಹೀಗನ್ನಿಸಿದ್ದೋ ಗೊತ್ತಿಲ್ಲ.

ವಯಸ್ಸಿನ ಮೇಲೆ ಹಾಕಬೇಡಿ. ಮಗ ಪ್ರೀತಿಯಿಂದ ತೆಗೆಸಿದ ಆ ಟೇಬಲ್ಲೇ ಹಾಲಿನ ಅತಿ ಕೆಟ್ಟ ಜಾಗ ಆಗಿರಬಹುದು.

ಪುಟ್ಟ ಹಾಲ್‌ನಲ್ಲಿ ಸೌಂಡ್ ಜಾಸ್ತಿ ಆಗೋದಕ್ಕೆ ಮುಖ್ಯ ಕಾರಣ ಡ್ರಮ್ಸ್. ಅದಕ್ಕೆ ಮೈಕೇ ಬೇಕಿಲ್ಲ, ಬರೀ ಕೋಲಿನ ಏಟಿಗೇ ಹಾಲ್ ತುಂಬುತ್ತದೆ, ವಾಲ್ಯೂಮ್ ಕಡಿಮೆ ಮಾಡೋಕೆ ಗುಂಡಿಯೂ ಇಲ್ಲ. ಗಿಟಾರ್ ಅದರ ಮೇಲೆ ಕೇಳಿಸಬೇಕು, ಹಾಡುವವರ ದನಿ ಇವೆರಡರ ಮೇಲೆ ಕೇಳಿಸಬೇಕು, ಅದಾದ ಮೇಲೆ ಕುಡಿದು ಮಾತಾಡುವವರ ಮೇಲೂ ಕೇಳಿಸಬೇಕು. ಹೀಗೆ ಒಂದರ ಮೇಲೊಂದು ಏರಿಸುತ್ತಾ ಹೋಗುತ್ತಾರೆ. ಕಾಂಕ್ರೀಟು ಗೋಡೆ, ಗಾಜಿನ ಕಿಟಕಿ ಇದ್ದರೆ ದನಿ ತಿರುಗಿ ತಿರುಗಿ ಬಂದು ಪದಗಳೆಲ್ಲ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಅಂತೂ ಗೋಡೆ ಬದಿ, ಮೂಲೆಗಳಲ್ಲಿ ಗುಡ್ಡೆ ಬೀಳುತ್ತದೆ. ನಿಮ್ಮ ಎದೆಗೆ ಗುದ್ದಿದ್ದು ಅದೇ.

ಇನ್ನೊಂದು ಸಲ ಹೋದರೆ ಒಳಗೆ ಕಾಲಿಟ್ಟ ಕೂಡಲೇ ಸೌಂಡ್ ಇಂಜಿನಿಯರ್ ಎಲ್ಲಿ ಕೂತಿದ್ದಾರೆ ನೋಡಿ. ನೂರೆಂಟು ಗುಂಡಿಗಳಿರುವ ಮಿಕ್ಸರ್ ಮುಂದಿಟ್ಟುಕೊಂಡು ಕೂತಿರುತ್ತಾರಲ್ಲ, ಅವರು. ಅವರು ತಮ್ಮ ಕಿವಿಗೆ ಸರಿ ಅನಿಸುವಂತೆ ಹದ ಮಾಡುತ್ತಾರೆ, ಹಾಗಾಗಿ ಅವರ ಮುಂದೆ ಅಥವಾ ಪಕ್ಕ ನಿಂತವರಿಗೆ ಒಳ್ಳೆಯ ದನಿ ಸಿಗುತ್ತದೆ. ಮಿಕ್ಸರನ್ನೇ ಮೂಲೆಗೆ ತಳ್ಳಿದ್ದರೆ ಎರಡು ಸ್ಪೀಕರ್‌ಗಳ ಮಧ್ಯಕ್ಕೆ ಬಂದು, ವೇದಿಕೆಯಿಂದ ಹಾಲಿನ ಅರ್ಧಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿ. ಕೂತೇ ಕೇಳಬೇಕು ಅನ್ನುವ ಹಟ ಬಿಡಿ.

ಕಿವಿ ವಿಷಯ ಸ್ವಲ್ಪ ಗಂಭೀರ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನೋದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಒಂದು ರಾಕ್ ಬ್ಯಾಂಡ್ ಮುಚ್ಚಿದ ಹಾಲ್‌ನಲ್ಲಿ 100 ಮುಟ್ಟೋದು ದೊಡ್ಡ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಅಂತಲೇ ಒಂದು ಮಾನದಂಡ ಹೊರಡಿಸಿತು, ಅದರ ಪ್ರಕಾರ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು, ಕಿವಿಗೆ ಹಾಕಿಕೊಳ್ಳೋಕೆ ಇಯರ್‌ಪ್ಲಗ್ ಇಟ್ಟಿರಬೇಕು, ಸ್ವಲ್ಪ ಹೊತ್ತು ಹೋಗಿ ಕೂರೋಕೆ ಸದ್ದಿಲ್ಲದ ಜಾಗ ಇರಬೇಕು. ನಮ್ಮಲ್ಲಿ ಇದನ್ನು ಕೇಳಿ ಕೊಡಿಸಿಕೊಳ್ಳುವ ಕಾಲ ಬಂದಿಲ್ಲ, ಆದ್ದರಿಂದ ಇಯರ್‌ಪ್ಲಗ್ ನೀವೇ ಒಯ್ಯಿರಿ. ಮೆಡಿಕಲ್ ಶಾಪ್‌ನ ಸ್ಪಂಜಿನದ್ದು ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅದು ಹಾಡಿನ ಸಣ್ಣ ಸದ್ದುಗಳನ್ನು ನುಂಗಿಬಿಡುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಪ್ಲಗ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದು ಎಲ್ಲವನ್ನೂ ಸಮವಾಗಿ ತಗ್ಗಿಸುತ್ತದೆ. ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಉಪಯೋಗ ಇಲ್ಲ. ಎರಡು ದಿನ ಗುಂಯ್ ಅಂದು ನಿಂತಿದ್ದರೆ ಸದ್ಯಕ್ಕೆ ಸರಿ. ಈಗಲೂ ಇದ್ದರೆ, ಅಥವಾ ಒಂದು ಕಿವಿ ಮಂದ ಅನಿಸಿದರೆ, ತಡ ಮಾಡದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಹರಟೆಗೆ ಮದ್ದಿಲ್ಲ. ಅವರ ಬಿಲ್‌ನಿಂದಲೇ ನಿಮ್ಮ ಹಾಡು ನಡೆಯುತ್ತಿದೆ ಅಂದುಕೊಂಡು ಮುಂದೆ ಸರಿಯಿರಿ. ಶುಕ್ರವಾರ, ಶನಿವಾರ ಬಿಟ್ಟು ಮಂಗಳವಾರ, ಬುಧವಾರ ಹೋದರೆ ಕೇಳೋಕೆ ಅಂತ ಬಂದವರೇ ಹೆಚ್ಚಿರುತ್ತಾರೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಕಡೆ ಜಾಝ್ ಕೇಳೋಕೆಂದೇ ಬೇರೆ ಥಿಯೇಟರ್ ಮಾಡಿದ್ದಾರೆ. ನಿಮ್ಮ ಮಗನಿಗೆ ಅಲ್ಲಿಗೆ ಕರೆದುಕೊಂಡು ಹೋಗು ಅನ್ನಿ. ಬಿಲ್ಲೂ ಅವನೇ ಕೊಡಲಿ.

ಬ್ಯಾಂಕ್ ನೌಕರ, ಹರಿಹರ: ಗೇಟಲ್ಲಿ ಇಬ್ಬರಿಗೆ ಕವರ್ ಚಾರ್ಜ್ ಅಂತ 1,000 ತಗೊಂಡರು. ಒಳಗೆ ಬಿಲ್ಲಿನಲ್ಲಿ ಅದನ್ನು ಕಳೀತಾರೆ ಅಂದುಕೊಂಡೆ, ಕಳೆಯಲಿಲ್ಲ. ಮೇಲೆ ಸರ್ವಿಸ್ ಚಾರ್ಜ್ ಬೇರೆ. ಮೋಸ ಅಲ್ವಾ?

ಒಂದು ಮೋಸ ಅಲ್ಲ, ಇನ್ನೊಂದನ್ನು ನೀವು ಕೊಡಬೇಕಿರಲಿಲ್ಲ.

ಕವರ್ ಚಾರ್ಜ್‌ನಲ್ಲಿ ಎರಡು ಥರ. ಒಂದು ಬರೀ ಪ್ರವೇಶದ ದುಡ್ಡು. ಇನ್ನೊಂದನ್ನು ರಿಡೀಮಬಲ್ ಅನ್ನುತ್ತಾರೆ, ಊಟ ತಿಂಡಿಯ ಬಿಲ್ಲಿಗೆ ಅಷ್ಟು ವಜಾ ಆಗುತ್ತದೆ. ಯಾವುದು ಅಂತ ಗೇಟಲ್ಲೇ ಕೇಳಬೇಕು. ರಿಡೀಮಬಲ್ ಆದರೆ ಕೈಗೆ ಪಟ್ಟಿಯನ್ನೋ ಕೂಪನ್ನನ್ನೋ ಕೊಡುತ್ತಾರೆ, ಅದು ಕಳೆದರೆ ದುಡ್ಡೂ ಕಳೆದಂತೆ. ಬರೀ ಪ್ರವೇಶದ್ದಾದರೆ ನನ್ನ ಪ್ರಕಾರ ಅದೇ ಒಳ್ಳೆಯದು. ಆ ದುಡ್ಡಿನಲ್ಲಿ ಬ್ಯಾಂಡ್‌ಗೆ ಪಾಲು ಸಿಗುವ ಸಂಭವ ಜಾಸ್ತಿ, ರಿಡೀಮಬಲ್ ದುಡ್ಡು ಅಡುಗೆಮನೆಗೆ ಹೋಗುತ್ತದೆ.

ಸರ್ವಿಸ್ ಚಾರ್ಜ್ ಬೇರೆ ಕಥೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಅಂದಿದೆ. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಕೊಡಬೇಕು ಅನಿಸಿದರೆ ಕೊಡಿ, ಬೇಡ ಅನಿಸಿದರೆ ತೆಗೆಯಿರಿ ಅನ್ನಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡ್ತೀನಿ ಅನ್ನಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬ್ಯಾಂಕಿನವರಿಗೆ ಬಿಲ್ ಓದೋದು ನಾನು ಹೇಳಿಕೊಡಬೇಕಾ!

ಗೃಹಿಣಿ, ಚಿತ್ರದುರ್ಗ: ನಾನು, ತಂಗಿ ಇಬ್ಬರೇ ಹೋಗಬೇಕು ಅಂತಿದ್ದೀವಿ. ರಾತ್ರಿ ವಾಪಸ್ ಬರೋದು ಹೇಗೆ? ಒಳಗೆ ಹೆಂಗಸರಿಗೆ ತೊಂದರೆ ಇಲ್ಲವಾ?

ಒಳಗೆ ಅಷ್ಟು ಚಿಂತೆ ಬೇಡ. ಇಬ್ಬರೇ ಬಂದ ಹೆಂಗಸರು ಈಗ ಅಲ್ಲಿ ಸಾಮಾನ್ಯ. ಒಬ್ಬೊಬ್ಬರೇ ಬಂದ ಗಂಡಸರನ್ನೇ ಕೆಲವು ಕಡೆ ಗೇಟಲ್ಲಿ ನಿಲ್ಲಿಸುತ್ತಾರೆ ಅಥವಾ ಹೆಚ್ಚು ದುಡ್ಡು ಕೇಳುತ್ತಾರೆ. ಯಾರಾದರೂ ಕಿರಿಕಿರಿ ಮಾಡಿದರೆ ಬಾಗಿಲಲ್ಲಿ ನಿಂತ ಬೌನ್ಸರ್‌ಗೆ ನೇರವಾಗಿ ಹೇಳಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ಇನ್ನೊಂದು ಮಾತು, ಕೂತ ತಕ್ಷಣ ಎರಡನೇ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. 2017ರ ಡಿಸೆಂಬರ್‌ನಲ್ಲಿ ಮುಂಬೈನ ಕಮಲಾ ಮಿಲ್ಸ್‌ನಲ್ಲಿ ಮಹಡಿ ಮೇಲಿನ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ಹೋದರು. ಲಿಫ್ಟ್‌ನಲ್ಲಿ ಮೇಲೆ ಹೋದರೂ ಮೆಟ್ಟಿಲು ಎಲ್ಲಿ, ಅದರ ಬಾಗಿಲಿಗೆ ಬೀಗ ಹಾಕಿದ್ದಾರಾ, ಖಾಲಿ ಕ್ರೇಟ್ ಪೇರಿಸಿದ್ದಾರಾ ಅಂತ ಒಂದು ಸಲ ಕಣ್ಣು ಹಾಯಿಸಿ. ದಾರಿ ಮುಚ್ಚಿದ್ದರೆ ಹೊರಟುಬಿಡಿ, ಬ್ಯಾಂಡ್ ಎಷ್ಟೇ ಚೆನ್ನಾಗಿರಲಿ.

ವಾಪಸ್ ಬರೋದೇ ನಿಮಗೆ ಸ್ವಲ್ಪ ಕಷ್ಟ. ದಾವಣಗೆರೆಯವರಿಗೆ ಹುಬ್ಬಳ್ಳಿ ಲೈನಿನ ರೈಲುಗಳಿವೆ, ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವ ರಾಣಿ ಚೆನ್ನಮ್ಮ ಹಿಡಿದರೆ ಬೆಳಕು ಹರಿಯುವ ಮುಂಚೆ ಊರು. ಚಿತ್ರದುರ್ಗದವರಿಗೆ ಚಿಕ್ಕಜಾಜೂರು ಸುತ್ತಬೇಕು, ಅದು ಬೇಡ. ತುಮಕೂರು, ಶಿರಾ, ಹಿರಿಯೂರು ಮೇಲೆ ಬರುವ ಹೊಸ ಲೈನು ಆಗಲಿ ಅಂತ ನೀವೂ ಕಾಯುತ್ತಿದ್ದೀರಿ, ನಾವೂ ಕಾಯುತ್ತಿದ್ದೇವೆ. ಸದ್ಯಕ್ಕೆ ಹೆದ್ದಾರಿ 48, ಸುಮಾರು 200 ಕಿಲೋಮೀಟರ್, ಮೆಜೆಸ್ಟಿಕ್‌ನಿಂದ ರಾತ್ರಿ ಬಸ್. ಇಂದಿರಾನಗರ, ಚರ್ಚ್ ಸ್ಟ್ರೀಟ್ ಪಕ್ಕದ ಎಂ.ಜಿ. ರೋಡ್ ಎರಡೂ ಮೆಟ್ರೋದ ನೇರಳೆ ಮಾರ್ಗದಲ್ಲಿವೆ, ಅಲ್ಲಿಂದ ನೇರ ಮೆಜೆಸ್ಟಿಕ್. ಆದ್ದರಿಂದ ಮೊದಲ ಸಲ ಈ ಎರಡು ಕಡೆಯೇ ಆರಿಸಿಕೊಳ್ಳಿ, ಕೋರಮಂಗಲ ಬೇಡ, ಅಲ್ಲಿಂದ ಶನಿವಾರ ರಾತ್ರಿ ಆಟೋ ಹಿಡಿಯೋದೇ ಒಂದು ಕೆಲಸ.

ಪೋಸ್ಟರ್‌ನಲ್ಲಿ 8 ಅಂತ ಹಾಕಿದ್ದರೆ ಬ್ಯಾಂಡ್ ಶುರು ಆಗೋದು 9ಕ್ಕೆ. ಬಾಗಿಲು ತೆರೆಯೋ ಹೊತ್ತು ಬೇರೆ, ಹಾಡು ಶುರು ಆಗೋ ಹೊತ್ತು ಬೇರೆ, ಯಾಕಂದ್ರೆ ಆ ಒಂದು ಗಂಟೆಯಲ್ಲಿ ನೀವು ಏನಾದರೂ ತರಿಸಿಕೊಳ್ಳಬೇಕಲ್ಲ. ಕೊನೆಯ ಹಾಡಿನವರೆಗೆ ಕೂತರೆ ಕೊನೆಯ ಮೆಟ್ರೋ ತಪ್ಪಬಹುದು. ಅಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿಯೋದಾದರೆ ಎಲ್ಲಾ ಸಲೀಸು.

ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ: ಅಣ್ಣಾ, ನಮ್ಮದೊಂದು ಬ್ಯಾಂಡ್ ಇದೆ. ಕಾಲೇಜು ಫೆಸ್ಟ್‌ಗಳಲ್ಲಿ ನುಡಿಸಿದ್ದೀವಿ. ಒಂದೆರಡು ಸ್ವಂತ ಹಾಡು, ಉಳಿದದ್ದು ಸಿನಿಮಾ ಹಾಡು. ಬೆಂಗಳೂರಲ್ಲಿ ಒಂದು ಚಾನ್ಸ್ ಹೇಗೆ ಸಿಗುತ್ತೆ? ದುಡ್ಡು ಎಷ್ಟು ಕೊಡ್ತಾರೆ?

ದುಡ್ಡಿನ ಪ್ರಶ್ನೆ ಮೊದಲು. ಬಸ್ ಚಾರ್ಜಿಗೆ ಸಾಲೋದಿಲ್ಲ ಅಂದುಕೊಂಡೇ ಹೊರಡಿ.

ಚಾನ್ಸ್ ಕೇಳೋಕೆ ಹೋದಾಗ ಅಲ್ಲಿನ ಮ್ಯಾನೇಜರ್ ಕೇಳೋದು ನಿಮ್ಮ ರಾಗ ತಾಳ ಅಲ್ಲ. ಎಷ್ಟು ಜನ ಕರೆತರ್ತೀರಾ ಅಂತ. ಬೇಜಾರು ಮಾಡಿಕೊಳ್ಳಬೇಡಿ, ಅವರ ಹೊಟ್ಟೆಪಾಡು ಆ ಜನ ತರಿಸಿಕೊಳ್ಳುವ ಊಟದ ಮೇಲೆ ನಿಂತಿದೆ. ನಿಮಗೆ ಇಲ್ಲಿ ಒಂದು ಅನುಕೂಲ ಇದೆ. ಬೆಂಗಳೂರಲ್ಲಿ ದಾವಣಗೆರೆ ಹುಡುಗರು ಹುಡುಗಿಯರು ಎಷ್ಟು ಜನ ಕೆಲಸಕ್ಕಿದ್ದಾರೆ! ನಿಮ್ಮ ಸೀನಿಯರ್ ಬ್ಯಾಚ್‌ಗಳಿಗೆಲ್ಲ ಮೆಸೇಜ್ ಹಾಕಿ. ಮೂವತ್ತು ಜನ ಬಂದರೂ ಮುಂದಿನ ಸಲ ಅವರೇ ಕರೆಯುತ್ತಾರೆ.

ಮೊದಲು ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್ ಸಂಜೆಗಳಿಗೆ ಹೋಗಿ, ಎರಡು ಹಾಡು ಹಾಡಿ ಬನ್ನಿ. ಜೊತೆಗೆ ಒಂದೇ ಏಟಿಗೆ, ಕತ್ತರಿ ಹಾಕದೆ ತೆಗೆದ ವಿಡಿಯೋ ಬೇಕು. ಸ್ಟುಡಿಯೋದಲ್ಲಿ ತಿದ್ದಿ ತೀಡಿದ್ದು ಯಾರೂ ನಂಬುವುದಿಲ್ಲ. ಯಾರು ಏನು ನುಡಿಸುತ್ತಾರೆ, ಎಷ್ಟು ಮೈಕ್, ಎಷ್ಟು ಲೈನ್ ಬೇಕು ಅಂತ ಅರ್ಧ ಪುಟದ ಪಟ್ಟಿ ಮಾಡಿ ಕಳಿಸಿ. ಇದನ್ನು ಹೊಸ ಬ್ಯಾಂಡ್‌ಗಳು ಕಳಿಸೋದೇ ಅಪರೂಪ, ಕಳಿಸಿದವರನ್ನು ಸೌಂಡ್ ಇಂಜಿನಿಯರ್ ಮರೆಯೋದಿಲ್ಲ. ಡ್ರಮ್ ಸೆಟ್, ಆಂಪ್ಲಿಫೈಯರ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ಆದರೆ ಸ್ನೇರ್ ಡ್ರಮ್, ಸಿಂಬಲ್ ತಟ್ಟೆ, ಕಾಲಿನ ಪೆಡಲ್ ಡ್ರಮ್ಮರ್ ತನ್ನದೇ ತರಬೇಕು. ಜನ ಬರುವ ಮುಂಚೆ ಸದ್ದು ಹದ ಮಾಡಿಕೊಳ್ಳುವ ಸೌಂಡ್ ಚೆಕ್ 5ಕ್ಕೆ ಅಂದರೆ 5ಕ್ಕೇ ಅಲ್ಲಿರಿ. ಖಾಲಿ ಹಾಲ್‌ನಲ್ಲಿ ದನಿ ಗೊಣಗೊಣ ಅಂದರೆ ಗಾಬರಿ ಆಗಬೇಡಿ, ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಸದ್ದನ್ನು ಹೀರಿ ತಾನೇ ಸರಿಹೋಗುತ್ತದೆ.

ಸಿನಿಮಾ ಹಾಡು ಹಾಡೋಕೆ ಐಪಿಆರ್‌ಎಸ್ ಅನ್ನುವ ಸಂಸ್ಥೆಯ ಲೈಸೆನ್ಸ್ ಬೇಕಾಗುತ್ತದೆ, ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ಪಾಲು ಹೋಗುವುದು ಅದರಿಂದ. ಸಾಮಾನ್ಯವಾಗಿ ಅದನ್ನು ಜಾಗದವರು ನೋಡಿಕೊಳ್ಳುತ್ತಾರೆ, ಮಾತಾಡುವಾಗಲೇ ಕೇಳಿ ಖಚಿತ ಮಾಡಿಕೊಳ್ಳಿ. ದುಡ್ಡಿನ ಮಾತೂ ಆಗಲೇ ಮುಗಿಸಿ, ಗೇಟ್ ಕಲೆಕ್ಷನ್‌ನಲ್ಲಿ ಎಷ್ಟು ಪಾಲು, ಜನ ಬರದಿದ್ದರೂ ಕೊಡುವ ಕನಿಷ್ಠ ಎಷ್ಟು. ವಾಟ್ಸ್ಯಾಪ್‌ನಲ್ಲಾದರೂ ಬರಹದಲ್ಲಿರಲಿ. ದುಡ್ಡಿನ ಬದಲು ‘ಎಕ್ಸ್‌ಪೋಷರ್ ಸಿಗುತ್ತೆ’, ನಾಲ್ಕು ಜನಕ್ಕೆ ಗೊತ್ತಾಗ್ತೀರಿ ಅಂದರೆ ಒಂದು ಸಲ ಹೂಂ ಅನ್ನಿ, ಎರಡನೇ ಸಲ ಅನ್ನಬೇಡಿ.

ಮತ್ತೆ, ಸ್ವಂತ ಹಾಡು ಎರಡೇ ಯಾಕೆ? ಕನ್ನಡದಲ್ಲೇ ಬರೆಯಿರಿ. ರಘು ದೀಕ್ಷಿತ್ ಗಿಟಾರ್ ಹಿಡಿದು ತತ್ವಪದ ಹಾಡಿದಾಗ ಕನ್ನಡ ಬಾರದವರೂ ಕುಣಿದರು. ನಮ್ಮೂರ ಮಾತಿನ ಹಾಡಿಗೆ ಇಂದಿರಾನಗರದಲ್ಲಿ ಕೇಳುವವರು ಇಲ್ಲ ಅಂತ ಅಂದುಕೊಳ್ಳಬೇಡಿ.

ನಿವೃತ್ತ ಶಿಕ್ಷಕಿ, ಎಂಸಿಸಿ ‘ಬಿ’ ಬ್ಲಾಕ್, ದಾವಣಗೆರೆ: ಇದೆಲ್ಲ ನಮ್ಮೂರಲ್ಲೇ ಯಾಕೆ ಆಗಬಾರದು? ದುಗ್ಗಮ್ಮನ ಜಾತ್ರೆಗೆ, ಗಣಪತಿಗೆ ರಸಮಂಜರಿ ಕೇಳೋಕೆ ಮೈದಾನ ತುಂಬುತ್ತೆ. ವರ್ಷವಿಡೀ ಒಂದು ಪುಟ್ಟ ಜಾಗ ನಡೆಸೋಕೆ ಆಗಲ್ವಾ?

ಮೇಡಂ, ಒಳ್ಳೆ ಪ್ರಶ್ನೆ. ಲೆಕ್ಕ ಹಾಕೋಣ. 80 ಜನ ಹಿಡಿಸುವ ಹಾಲ್, ತಲೆಗೆ 200 ರೂಪಾಯಿ, ಹೌಸ್‌ಫುಲ್ ಆದರೂ 16,000. ನಾಲ್ಕು ಜನರ ಬ್ಯಾಂಡ್, ಅವರ ಪ್ರಯಾಣ, ಸೌಂಡ್ ಸಿಸ್ಟಂ ಬಾಡಿಗೆ, ಹಾಲ್ ಬಾಡಿಗೆ, ಕರೆಂಟು ಎಲ್ಲಾ ಅದರಲ್ಲೇ. ಮಳೆ ಬಂದು 30 ಜನ ಬಂದರೆ 6,000. ಬೆಂಗಳೂರಿನವರು ಈ ನಷ್ಟದ ಗುಂಡಿಯನ್ನು ಬಾರ್‌ನಿಂದ ಮುಚ್ಚಿಕೊಳ್ಳುತ್ತಾರೆ. ಅಲ್ಲೂ ಸುಲಭ ಇಲ್ಲ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಪೊಲೀಸರು ಬಿಗಿ ಮಾಡಿದರು, ಎಷ್ಟೋ ಕಡೆ ಲೈವ್ ಮ್ಯೂಸಿಕ್ ನಿಂತೇಹೋಯಿತು. ಇಂದಿರಾನಗರದಲ್ಲಿ 2013ರಲ್ಲಿ ಶುರುವಾಗಿ ಎಷ್ಟೋ ಹೊಸ ಬ್ಯಾಂಡ್‌ಗಳಿಗೆ ಮನೆಯಂತಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಅಕ್ಕಪಕ್ಕದ ಮನೆಯವರ ದೂರನ್ನೂ ತಳ್ಳಿಹಾಕೋಕೆ ಆಗಲ್ಲ. ರಾತ್ರಿ ಒಂದು ಗಂಟೆಗೆ ಗೋಡೆ ಅದುರಿದರೆ ಯಾರಿಗೆ ಬೇಕು?

ಆದರೆ ನಮ್ಮೂರಿಗೆ ಟಿಕೆಟ್ ಕೊಂಡು ಕೂರುವ ಅಭ್ಯಾಸ ಹೊಸದಲ್ಲ. ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯ ಊರು ಇದು. ಕಂಪನಿ ನಾಟಕದವರು ಟೆಂಟ್ ಹಾಕಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಿದ್ದದ್ದು ಬಾರ್ ನಂಬಿಕೊಂಡು ಅಲ್ಲ, ಗೇಟ್ ಕಲೆಕ್ಷನ್ ನಂಬಿಕೊಂಡು. ರಸಮಂಜರಿಯ ತೊಂದರೆ ಏನಂದ್ರೆ ಅದು ಪುಕ್ಕಟೆ. ದುಡ್ಡು ಕಮಿಟಿಯವರದು, ಹಾಡು ಕಮಿಟಿಯವರಿಗೆ ಬೇಕಾದದ್ದು.

ತಿಂಗಳಿಗೆ ಒಂದೇ ಕಾರ್ಯಕ್ರಮದಿಂದ ಶುರು ಮಾಡಬಹುದು. ಶಾಲೆಯ ಹಾಲ್ ಭಾನುವಾರ ಖಾಲಿ ಇರುತ್ತದೆ, ಅದನ್ನು ಕೊಡಿಸೋದು ನಿಮ್ಮಂಥ ಮೇಷ್ಟ್ರುಗಳ ಕೈಯಲ್ಲಿದೆ. ಸಂಜೆ ಆರರಿಂದ ಎಂಟು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ 2000ನೇ ಇಸವಿಯ ನಿಯಮದ ತಲೆಬಿಸಿಯೂ ಇಲ್ಲ. ಆದರೂ ಸ್ಥಳೀಯ ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಮೊದಲೆರಡು ತಿಂಗಳು ಡ್ರಮ್ಸ್ ಬೇಡ, ಎರಡು ಗಿಟಾರ್, ಒಂದು ಕಹೋನ್ (ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ) ಅಥವಾ ತಬಲಾ, ಎರಡು ಸ್ಪೀಕರ್. ಹುಬ್ಬಳ್ಳಿ ಧಾರವಾಡದ ಬೈಠಕ್ ಅನ್ನುವ ಪುಟ್ಟ ಕಛೇರಿಗಳು ಮೈಕೇ ಇಲ್ಲದೆ ಮನೆಯ ಪಡಸಾಲೆಯಲ್ಲಿ ನಡೆದಿವೆ. ಟಿಕೆಟ್ 100 ರೂಪಾಯಿ ಇಟ್ಟರೂ ಸರಿ, ಪುಕ್ಕಟೆ ಮಾತ್ರ ಬೇಡ. ವಿರಾಮದಲ್ಲಿ ಮಂಡಕ್ಕಿ ಮಿರ್ಚಿ ಮಾರಿ, ನಮ್ಮೂರಲ್ಲಿ ಅದು ಬಿಯರ್‌ಗಿಂತ ಜಾಸ್ತಿ ಖರ್ಚಾಗುತ್ತದೆ. ಮೇಲಿನ ನಾಲ್ವರು ಹುಡುಗರ ವಿಳಾಸ ನನ್ನ ಹತ್ತಿರ ಇದೆ. ನೀವು ಹೂಂ ಅಂದರೆ, ಅವರನ್ನೂ ಕೇಳಿ ನಿಮಗೆ ಕಳಿಸುತ್ತೇನೆ.

ಅಡಿಕೆ ಬೆಳೆಗಾರ, ಚನ್ನಗಿರಿ: ಪಂಚೆ ಉಟ್ಟು, ಚಪ್ಪಲಿ ಹಾಕಿಕೊಂಡು ಹೋದರೆ ಬಿಡ್ತಾರಾ?

2024ರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದರೊಳಗೆ ಬಿಡದೆ ಅದು ವಿಧಾನಸಭೆಯವರೆಗೆ ಹೋಯಿತಲ್ಲ, ಅದಾದ ಮೇಲೆ ಪಂಚೆ ನೋಡಿ ತಡೆಯುವ ಧೈರ್ಯ ಕಡಿಮೆಯಾಗಿದೆ. ಚಪ್ಪಲಿ, ಚಡ್ಡಿಗೆ ಮಾತ್ರ ಇನ್ನೂ ಬೇಡ ಅನ್ನುವ ಕಡೆಗಳಿವೆ. ಪಂಚೆ ಉಡಿ, ಕಾಲಿಗೆ ಶೂ ಹಾಕಿ. ನಿಂತು ಕೇಳೋದು ಜಾಸ್ತಿ, ಶೂ ಇದ್ದರೆ ಕಾಲಿಗೂ ಆರಾಮ.